ತಾನಾಗಿ ಸಾಯದ ಕಣ

ಉಬ್ರಾಣಿಯಲ್ಲಿ ತಮ್ಮನ ಮಗಳು ಅಕ್ಷಿತಾಳ ನಿಶ್ಚಿತಾರ್ಥ ನಡೆಯುತ್ತಿದ್ದ ಹೊತ್ತಿಗೆ ದುರ್ಗಾಂಬಿಕಾ ದಾವಣಗೆರೆಯ ಆಸ್ಪತ್ರೆಯೊಂದರ ಬೆಂಚಿನ ಮೇಲಿದ್ದಳು. ಅವರ ಮನೆಯಲ್ಲಿ ಹುಡುಗಿಗೆ ಮೊದಲು ಉಡಿ ತುಂಬಬೇಕಾದವಳು ಸೋದರತ್ತೆ. ಇರುವುದು ಇವಳೊಬ್ಬಳೇ. ಆದರೂ ಹೋಗಿರಲಿಲ್ಲ. ಅವಳ ಕತ್ತಿನಲ್ಲಿ ನೆಲ್ಲಿಕಾಯಿಯಷ್ಟು ದಪ್ಪದ ಗಂಟುಗಳೆದ್ದಿದ್ದವು. ಹೋದ ಸಲ ಡಾಕ್ಟರು ಇದು ಜೀನಿನ ಎಡವಟ್ಟು ಎಂದಿದ್ದರು. ಜೀನೆಂದರೆ ವಂಶದ್ದು, ಅಷ್ಟು ಅವಳಿಗೂ ಗೊತ್ತಿತ್ತು. ಗಂಟು ಬೀಗರ ಕಣ್ಣಿಗೆ ಬಿದ್ದರೆ, ಹುಡುಗಿಯ ರಕ್ತದಲ್ಲೂ ಇದ್ದೀತೆಂದು ಎದ್ದು ಹೋಗುತ್ತಾರೆ. ಅದಕ್ಕೇ ಜಗಳೂರಿನ ತನ್ನ ಹೊಲಿಗೆ ಅಂಗಡಿಗೆ ಬೀಗ ಹಾಕಿ, ತಮ್ಮ ಪರಶುರಾಮ್‌ಗೆ 'ಬರಾಕಾಗಲ್ಲ' ಎಂದಷ್ಟೇ ಹೇಳಿ, ಒಬ್ಬಳೇ ಬಸ್ಸು ಹತ್ತಿದ್ದಳು.

"ನಮ್ಮ ತಮ್ಮನ ಮಗಳಿಗೂ ಬರ್ತೈತಾ ಸಾರ್?" ಒಳಗೆ ಕರೆದಾಗ ಅವಳು ಮೊದಲು ಕೇಳಿದ್ದೇ ಅದು.

ಡಾಕ್ಟರ್ ಗುರುಬಸವರಾಜ್ ತಲೆಯೆತ್ತಿದರು. "ಯಾರು ಹೇಳಿದ್ರಮ್ಮ ಹಂಗಂತ? ಮೈಯಾಗಿನ ಒಂದೊಂದು ಜೀವಕಣಾನೂ ಹೊತ್ತು ಬಂದಾಗ ತಾನೇ ಸಾಯ್ಬೇಕು. ಸಾಯದಂಗೆ ತಡೆಯೋ ಜೀನೂ ಐತೆ, ಅದೂ ಬೇಕು. ನಿಮ್ಮ ಒಂದು ಕಣದಾಗೆ ಅದು ಯಾವಾಗ್ಲೋ ಅಳತೆ ಮೀರೈತೆ. ಆ ಕಣ ಸಾಯಲಿಲ್ಲ, ಅದರಿಂದ ಹುಟ್ಟಿದವೂ ಸಾಯ್ತಿಲ್ಲ, ಅವೇ ಸೇರಿ ಗಂಟಾಗ್ಯಾವೆ. ಅಪ್ಪನಿಂದ ಬಂದದ್ದಲ್ಲ, ಯಾರಿಗೂ ಹೋಗಾದೂ ಇಲ್ಲ. ನಿಮ್ಮೊಬ್ಬರದೇ."

ಮನಸ್ಸು ಹಗುರಾಯಿತು. ಅದರ ಹಿಂದೆಯೇ ಏನೋ ಕಳೆದುಕೊಂಡಂತಾಯಿತು. ಇಷ್ಟು ದಿನ ಈ ಕಾಯಿಲೆಯೊಳಗಾದರೂ ಅಪ್ಪ, ತಮ್ಮ, ಅಕ್ಷಿತಾ ಅವಳ ಜೊತೆಗಿದ್ದರು.

"ಸೋಮವಾರ ಗುಳಿಗೆ ಶುರು ಮಾಡಾನ. ಗುಳಿಗೆಗೆ ಆ ಕಣ ಒಮ್ಮೆಲೇ ರಾಶಿ ರಾಶಿ ಸತ್ರೆ ಕಿಡ್ನಿಗೆ ಪೆಟ್ಟು. ಜೊತೆಗೊಬ್ರು ಇರಲೇಬೇಕು. ಒಬ್ರೇ ಬಂದ್ರೆ ಶುರು ಮಾಡಲ್ಲ."

ಹೊರಗೆ ಬಂದು ಮತ್ತೆ ಬೆಂಚಿನ ಮೇಲೆ ಕೂತವಳೇ ತಮ್ಮನಿಗೆ ಫೋನು ಹಚ್ಚಿದಳು.

"ಈಗ ನೆನಪಾತೇನಕ್ಕ? ಉಡಿ ಆತು. ಪಕ್ಕದ್ಮನೆ ಬಂಗಾರಮ್ಮ ತುಂಬಿದ್ಲು. 'ಮಿಷನ್ ಬಿಟ್ಟು ಬಂದ್ರೆ ದಾರ ಕಡೀತೈತೇನೋ ನಿಮ್ಮಕ್ಕಂಗೆ' ಅಂತ ಎಲ್ರೂ ನಕ್ರು."

ದುರ್ಗಾಂಬಿಕಾ ಎಲ್ಲವನ್ನೂ ಹೇಳಿದಳು. ಗಂಟು, ಗುಳಿಗೆ, ಸೋಮವಾರ. "ವಂಶದ್ದಲ್ಲಂತೆ ಪರಶು, ನಂದೊಬ್ಬಳದೇ ಅಂತೆ."

ಅತ್ತಲಿನ ಗದ್ದಲ ದೂರವಾಯಿತು. ಅವನು ಹಿತ್ತಲಿಗೆ ಬಂದಿರಬೇಕು. ದನಿ ತಗ್ಗಿತು.

"ಬೀಗರು ಇನ್ನೂ ಊಟಕ್ಕೆ ಕೂತಾರೆ. ಈ ಜೀನು ಗೀನು ಅವರಿಗೆ ಹೆಂಗೆ ಬಿಡಿಸಿ ಹೇಳ್ಲಿ? ನಾನು ಅಲ್ಲಿ ಬಂದು ಕೂತ್ರೆ ಊರಿಗೆಲ್ಲ ಗೊತ್ತಾಕತಿ. ಮದುವೆ ಮುಗಿಯೋವರೆಗೂ ಸುಮ್ನಿರಕ್ಕ, ನಿನ್ ಕಾಲಿಗೆ ಬೀಳ್ತೀನಿ."

"ಮದುವೆ ಯಾವಾಗ?"

"ಉಗಾದಿ ಆದ್ಮೇಲೆ." ಅವನು ಫೋನಿಟ್ಟ.

ನರ್ಸ್ ಸುನೀತಾ ಕರೆದಳು. "ಅಮ್ಮಾ, ಸೋಮವಾರ ಜೊತೆಗೆ ಯಾರು ಬರ್ತಾರ‍್ರೀ?"

"ತಮ್ಮ ಬರ್ತಾನೆ."

"ನಂಬರ್ ಹೇಳ್ರಿ."

ತಮ್ಮನದನ್ನು ಹೇಳಿದರೆ, ಅವನು ಬೀಗರ ಮುಂದಿರುವಾಗಲೇ ಇವರು ಫೋನು ಮಾಡಿಬಿಡಬಹುದು. ಬಾಯಿಗೆ ಬರುವ ಇನ್ನೊಂದು ನಂಬರೆಂದರೆ ತನ್ನದೇ. ಒಂದೊಂದೇ ಅಂಕಿಯನ್ನು ಮೆಲ್ಲಗೆ ಹೇಳಿದಳು. ಸುನೀತಾ ಅಲ್ಲೇ ನಿಂತು ಒತ್ತಿನೋಡಿದಳು.

ದುರ್ಗಾಂಬಿಕಾಳ ಮಡಿಲಲ್ಲಿ ಫೋನು ರಿಂಗಾಗತೊಡಗಿತು. ಅಕ್ಕಪಕ್ಕದವರು ತಿರುಗಿ ನೋಡಿದರು. ಎತ್ತಲೂ ಇಲ್ಲ, ಆರಿಸಲೂ ಇಲ್ಲ, ಅವಳು ಅದನ್ನೇ ನೋಡುತ್ತ ಕುಳಿತಳು.