ಸೀಸರನಿಗೆ ನಮಸ್ಕಾರದ ಪಾಠ

ನಾಯಿ ಕಂಡರೆ ನನಗೆ ಆಗುತ್ತಿರಲಿಲ್ಲ. ಪೀಣ್ಯದಲ್ಲಿ ಅಳತೆ ಉಪಕರಣ ತಯಾರಿಸುವ ಕಾರ್ಖಾನೆಯೊಂದರ ತಪಾಸಣೆ ವಿಭಾಗದವಳು ನಾನು. ಬೆಳಿಗ್ಗೆಯಿಂದ ಸಂಜೆಯವರೆಗೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಬೇಕು, ಅದಕ್ಕೇ ಸಂಬಳ. ಮನೆಗೆ ಬಂದ ಮೇಲೂ ಹೇಮಕ್ಕನ ಆ ಕಣ್ಣು ಮುಚ್ಚುವುದಿಲ್ಲ ಎಂದು ನನ್ನ ತಮ್ಮ ಈರೇಶ್ ಆಡಿಕೊಳ್ಳುತ್ತಾನೆ. ಅವನು ದಾವಣಗೆರೆಯಲ್ಲಿ ವಕೀಲ. ಮಾತಾಡುವುದಕ್ಕೆ ಅವನಿಗೂ ದುಡ್ಡು ಬರುತ್ತದೆ, ಆಡಿಕೊಳ್ಳಲಿ.

ಬಾಗಲಗುಂಟೆಯಲ್ಲಿ ಸಾಲ ಮಾಡಿ ಕಟ್ಟಿಸಿದ ಎರಡು ಕೋಣೆಯ ಮನೆ ನನ್ನದು. ಅಪ್ಪ ತೀರಿಕೊಂಡ ಮೇಲೆ ಅವ್ವ ಚನ್ನಬಸಮ್ಮ ನನ್ನ ಜೊತೆಗೇ ಇದ್ದಳು. ತೊಂಬತ್ತಮೂರರ ದೀಪಾವಳಿ ಕಳೆದ ಮೇಲೆ ಹಿಂದಿನ ಬೀದಿಯಲ್ಲಿ ಒಂದು ಘಟನೆ ನಡೆಯಿತು. ಮಹಾಂತಮ್ಮ ಎಂಬ ಮುದುಕಿ ಹಾಡುಹಗಲೇ ಜಗಲಿ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ವಿಳಾಸ ಕೇಳಲು ಬಂದವನೊಬ್ಬ ಬಗ್ಗಿ ಅವಳ ಎರಡೂ ಕಾಲು ಹಿಡಿದು ಎಳೆದು ಕೆಡವಿ, ಕತ್ತಿನ ಸರ ಕಿತ್ತುಕೊಂಡು ಓಡಿದ. ಮಹಾಂತಮ್ಮನ ಸೊಂಟ ಮುರಿಯಿತು.

ಸುದ್ದಿ ದಾವಣಗೆರೆ ತಲುಪಿದ್ದೇ ಈರೇಶ್ ಫೋನು ಮಾಡಿದ. ನಾನು ಕೆಲಸಕ್ಕೆ ಹೋದ ಮೇಲೆ ಅವ್ವ ಮನೆಯಲ್ಲಿ ಒಬ್ಬಳೇ, ಇನ್ನು ಅವಳು ತನ್ನ ಹತ್ತಿರ ಇರಲಿ ಎಂದ. ಅವನ ಮಾತು ನ್ಯಾಯವಾಗಿಯೇ ಇತ್ತು, ಅದಕ್ಕೇ ನನಗೆ ಸಿಟ್ಟು ಬಂತು. ಅವ್ವನ ಮೇಲೂ ನನಗೆ ಹಳೆಯ ಕೋಪವಿತ್ತು. ಆದರೆ ಅವ್ವ ಇಲ್ಲದ ಮನೆ ನನಗೆ ಬೇಕಿರಲಿಲ್ಲ. ಎರಡೂ ನಿಜ. ನಾಯಿ ಸಾಕುತ್ತೇನೆ ಎಂದು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ಬಸವ ಜಯಂತಿಗೆ ಬಂದು ನೋಡುತ್ತೇನೆ, ಮನಸ್ಸಿಗೆ ಒಪ್ಪದಿದ್ದರೆ ಅವ್ವನನ್ನು ಕರೆದುಕೊಂಡು ಹೋಗುತ್ತೇನೆ ಎಂದು ಅವನು ಕರಾರು ಹಾಕಿದ. ಅವ್ವನನ್ನು ಕೇಳಿದ್ದಕ್ಕೆ ನೀವಿಬ್ಬರೂ ಹೇಗೆ ಹೇಳುತ್ತೀರೋ ಹಾಗೆ ಎಂದಳು. ಅವಳು ಹಾಗೆಯೇ. ನಮ್ಮಿಬ್ಬರನ್ನು ಜಗಳಕ್ಕೆ ಬಿಟ್ಟು ತಾನು ಸೊಪ್ಪು ಸೋಸುತ್ತಾ ಕೂರುತ್ತಾಳೆ.

ನಮ್ಮ ಕಾರ್ಖಾನೆಯ ಡ್ರಾಯಿಂಗ್ ಸೆಕ್ಷನ್ನಿನ ಸಿದ್ದಲಿಂಗಯ್ಯನವರಿಗೆ ನಾಯಿ ಸಾಕುವುದೊಂದು ಹುಚ್ಚು. ಊಟದ ಹೊತ್ತಿನಲ್ಲಿ ಯಾರು ಸಿಕ್ಕರೂ ತಳಿಗಳ ವಿಚಾರವೇ. ಕುರಿ ಕಾಯುವ ಜಾತಿಯದೇ ತೆಗೆದುಕೊಳ್ಳಿ, ಮಂದೆಯನ್ನು ನೋಡಿಕೊಂಡ ರಕ್ತ, ಮನುಷ್ಯರನ್ನೂ ನೋಡಿಕೊಳ್ಳುತ್ತದೆ ಎಂದರು. ಜಾಲಹಳ್ಳಿ ಕಡೆಯ ಮೈದಾನದಲ್ಲಿ ನಲ್ಲಪ್ಪ ಎಂಬ ನಿವೃತ್ತ ಸೈನಿಕರು ಭಾನುವಾರ ನಾಯಿಗಳಿಗೆ ಪಾಠ ಹೇಳುತ್ತಿದ್ದರು. ಮೊದಲು ನೋಡಿ, ಆಮೇಲೆ ಆರಿಸಿ ಎಂದು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು.

ನೋಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಮಲ್ಲೇಶ್ವರದ ಡಾಕ್ಟರಮ್ಮನೊಬ್ಬರ ‘ಕಾಲಿ’ ಎಂಬ ವಿಲಾಯಿತಿ ಕುರಿನಾಯಿ ಅಲ್ಲಿತ್ತು. ಉದ್ದ ಮೂತಿ, ಮೈತುಂಬ ರೇಷ್ಮೆ ಕೂದಲು. ಚುರುಕು ಬುದ್ಧಿ. ಆದರೆ ಮೈದಾನದಲ್ಲಿ ಯಾರಾದರೂ ಗುಂಪು ಬಿಟ್ಟು ಆಚೆ ನಡೆದರೆ ಅದಕ್ಕೆ ಸಂಕಟ, ಸುತ್ತು ಹಾಕಿ ಬೊಗಳಿ ಅವರನ್ನು ಮತ್ತೆ ಗುಂಪಿಗೆ ತರುತ್ತಿತ್ತು. ನಮ್ಮ ಮನೆಯಲ್ಲಿ ಇರುವುದೇ ಇಬ್ಬರು, ಅವರೂ ಒಂದೊಂದು ಕೋಣೆಯಲ್ಲಿ. ಪಾಪ, ಅದು ಬೊಗಳಿಯೇ ಸತ್ತೀತು. ಕಟ್ಟಡ ಕಂಟ್ರಾಕ್ಟರ್ ಮುರಿಗೆಪ್ಪ ಊರ ಕಡೆಯಿಂದ ತಂದ ಕುರುಬರ ನಾಯಿಯೂ ಇತ್ತು. ಗಟ್ಟಿ ಮೈ, ಹಾಕಿದ್ದನ್ನು ತಿನ್ನುತ್ತದೆ, ಕಾಯಿಲೆ ಕಸಾಲೆ ಇಲ್ಲ. ಕೂರು ಎಂದರೆ ಮಾತ್ರ ಯಾಕೆ ಕೂರಬೇಕು ಎನ್ನುವಂತೆ ಮುಖ ನೋಡುತ್ತಿತ್ತು. ಕುರಿಯ ಹಿಂದೆ ಮೈಲಿಗಟ್ಟಲೆ ನಡೆದು ತನ್ನ ಬುದ್ಧಿಯಲ್ಲೇ ಬದುಕಿದ ವಂಶ, ಯಾರ ಅಪ್ಪಣೆಗೂ ಕಾಯುವುದಿಲ್ಲ. ನನಗೆ ಹಿಡಿಸಿದ್ದು ಅದೇ. ಆದರೆ ಅಷ್ಟೇ ಹಟದ ಇಬ್ಬರು ಮನೆಯಲ್ಲಿ ಮೊದಲೇ ಇದ್ದೆವು, ಮೂರನೆಯದು ಬೇಡವೆನಿಸಿತು. ಉಳಿದದ್ದು ಅಲ್ಸೇಷಿಯನ್, ಅದೂ ಮೂಲದಲ್ಲಿ ಕುರಿ ಕಾಯುವ ಜಾತಿಯೇ. ಒಬ್ಬರನ್ನು ತನ್ನವರೆಂದು ಒಪ್ಪಿಕೊಂಡರೆ ಅವರ ಕಣ್ಣು ನೋಡಿ ಕೆಲಸ ಮಾಡುತ್ತದೆ. ಕಲಿಸಿದ್ದನ್ನು ಕಲಿಸಿದಂತೆಯೇ ಮಾಡುತ್ತದೆ, ಹೆಚ್ಚಿಲ್ಲ ಕಡಿಮೆಯಿಲ್ಲ. ತಪಾಸಣೆಯವಳಿಗೆ ಇನ್ನೇನು ಬೇಕು? ಸಿದ್ದಲಿಂಗಯ್ಯನವರ ಮನೆಯಲ್ಲೇ ಬೆಳೆಯುತ್ತಿದ್ದ ಸೀಸರ್ ಎಂಬ ಎಳೆ ಗಂಡುನಾಯಿ ನಮ್ಮ ಮನೆಗೆ ಬಂತು.

ಅವ್ವ ಮೊದಲ ದಿನ ಅದನ್ನು ಹೊಸ್ತಿಲ ಹೊರಗೇ ನಿಲ್ಲಿಸಿದಳು. ವಾರ ಕಳೆಯುವುದರೊಳಗೆ ಅದು ಅಡುಗೆಮನೆಯ ಬಾಗಿಲಲ್ಲಿ ಮಲಗುತ್ತಿತ್ತು. ಅವ್ವ ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮುಗಿಸುವವರೆಗೆ ಕಿವಿ ನೆಟ್ಟಗೆ ಮಾಡಿಕೊಂಡು ಕಾಯುವುದು, ಆಮೇಲೆ ಅವಳ ಕೈಯಿಂದ ರೊಟ್ಟಿ ಮೊಸರು ತಿನ್ನುವುದು. ಮೊಟ್ಟೆಯಾದರೂ ಕೊಡದಿದ್ದರೆ ಮೂಳೆ ಬಲಿಯುವುದಿಲ್ಲ ಎಂದು ನಲ್ಲಪ್ಪ ಗದರಿದ್ದರು. ಹಿತ್ತಲಲ್ಲಿ ಸೀಮೆಎಣ್ಣೆ ಸ್ಟೌವಿನ ಮೇಲೆ ನಾನು ಮೊಟ್ಟೆ ಬೇಯಿಸುವಾಗ ಅವ್ವ ಮುಂಬಾಗಿಲಿಗೆ ಹೋಗಿ ಬೀದಿ ನೋಡುತ್ತಾ ನಿಲ್ಲುತ್ತಿದ್ದಳು. ಕಾಣದ್ದು ಆಗಿಲ್ಲ ಎಂಬುದು ಅವಳ ಲೆಕ್ಕ. ಸಾಕಿದವಳು ನಾನು, ತಿರುಗಾಡಿಸಿದವಳು ನಾನು, ಆದರೆ ಸೀಸರ್ ತನ್ನವಳೆಂದು ಒಪ್ಪಿಕೊಂಡದ್ದು ಅವ್ವನನ್ನು. ನನಗೆ ಹೊಟ್ಟೆಕಿಚ್ಚಾಯಿತು. ಯಾರ ಮೇಲೆ ಎಂದು ಮಾತ್ರ ಸರಿಯಾಗಿ ಗೊತ್ತಾಗಲಿಲ್ಲ.

ಮಹಾಂತಮ್ಮನ ಕಥೆ ಕೇಳಿ ನಲ್ಲಪ್ಪ ಪಾಠವನ್ನು ಅದಕ್ಕೇ ಹೊಂದಿಸಿದರು. ‘ಕಳ್ಳ ಬಂದ್ರೆ ಮೊದ್ಲು ಬಗ್ತಾನಮ್ಮ. ಬಗ್ಗಿದ ಕೈನ ನಾಯಿ ಹಿಡಿಬೇಕು’ ಎಂದರು. ಭಾನುವಾರಗಳಲ್ಲಿ ಅವ್ವನನ್ನೂ ಆಟೋದಲ್ಲಿ ಮೈದಾನಕ್ಕೆ ಕರೆದೊಯ್ದು ಕುರ್ಚಿಯಲ್ಲಿ ಕೂರಿಸುತ್ತಿದ್ದೆ. ನಲ್ಲಪ್ಪ ತೋಳಿಗೆ ಗೋಣಿಚೀಲ ಸುತ್ತಿಕೊಂಡು ಬಂದು ಬಗ್ಗಿ ಅವಳ ಕಾಲಿಗೆ ಕೈ ಚಾಚುವುದು, ಸೀಸರ್ ಹಾರಿ ಆ ತೋಳನ್ನು ಕಚ್ಚಿ ಹಿಡಿಯುವುದು, ಅವ್ವ ‘ಬಿಡು’ ಎಂದರೆ ಬಿಡುವುದು. ನೆಟ್ಟಗೆ ನಿಂತು ಮಾತಾಡುವವರ ತಂಟೆಗೆ ಅದು ಹೋಗುತ್ತಿರಲಿಲ್ಲ. ಹಾಲಿನವನು, ಪಕ್ಕದ ಮನೆಯವರು, ಕರೆಂಟು ಬಿಲ್ಲಿನವನು, ಎಲ್ಲರೂ ಬಂದು ಹೋದರು. ನನ್ನ ಮಟ್ಟಿಗೆ ಸೀಸರ್ ಪಾಸಾಗಿದ್ದ.

ಬಸವ ಜಯಂತಿಯ ಬೆಳಿಗ್ಗೆ ಈರೇಶ್ ಬಂದ. ಬಿಳಿ ಅಂಗಿ, ಕೈಯಲ್ಲಿ ಬೆಣ್ಣೆಯ ಡಬ್ಬಿ. ಸೀಸರ್ ಅವನ ಚಪ್ಪಲಿ ಮೂಸಿ ಬಾಲ ಆಡಿಸಿ ಅವ್ವನ ಕುರ್ಚಿಯ ಪಕ್ಕ ಹೋಗಿ ಕೂತಿತು. ಈರೇಶನಿಗೆ ಖುಷಿಯಾಯಿತು, ಪರವಾಗಿಲ್ಲ ಕಣಕ್ಕ ಎಂದ. ನಾನು ಗೆದ್ದೆ ಅಂದುಕೊಂಡೆ. ಅವನು ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ನಮ್ಮ ಕಡೆ ಎಲ್ಲರ ಮನೆ ಮಕ್ಕಳೂ ಮಾಡುವಂತೆ, ನೇರವಾಗಿ ಹೋಗಿ ಬಗ್ಗಿ ಅವ್ವನ ಎರಡೂ ಪಾದಗಳಿಗೆ ಕೈ ಚಾಚಿದ.

ಸೀಸರ್ ಬೊಗಳಲಿಲ್ಲ. ಕಲಿಸಿದಂತೆಯೇ ಹಾರಿ ಅವನ ಮುಂಗೈ ಹಿಡಿಯಿತು. ಅವ್ವ ‘ಬಿಡು’ ಎಂದ ಕೂಡಲೇ ಬಿಟ್ಟಿತು, ಆದರೆ ಬಿಳಿ ಅಂಗಿಯ ತೋಳು ಅಷ್ಟರಲ್ಲಿ ಕೆಂಪಾಗಿತ್ತು. ಕ್ಲಿನಿಕ್ಕಿಗೆ ಹೋಗಿ ಗಾಯ ತೊಳೆಸಿ, ಅವನು ಇಂಜೆಕ್ಷನ್ ಹಾಕಿಸಿಕೊಂಡ. ಬಂದು ಕೂತ ಮೇಲೆ, ಕಳ್ಳ ಯಾರು ಮಗ ಯಾರು ಎಂದು ತಿಳಿಯದ ನಾಯಿಯ ಜೊತೆ ಅವ್ವನನ್ನು ಬಿಡುವುದಿಲ್ಲ, ರಾತ್ರಿ ಬಸ್ಸಿಗೆ ಇಬ್ಬರೂ ಹೊರಡುತ್ತೇವೆ ಎಂದ. ಎಷ್ಟು ಕಲಿಸಿದರೂ ನಾಯಿಗೆ ಇದು ಹೇಗೆ ತಪ್ಪಿತು ಎಂದು ನನ್ನನ್ನೇ ಕೇಳಿದ.

ಉತ್ತರ ಕೊಟ್ಟದ್ದು ಅವ್ವ. ಅವಳು ನಾಯಿಯ ತಲೆ ಸವರುತ್ತಿದ್ದಳು, ನಮ್ಮಿಬ್ಬರ ಕಡೆಯೂ ನೋಡಲಿಲ್ಲ. ‘ಅದನ್ನ ಯಾಕ ಬೈತಿ? ಈ ಮನ್ಯಾಗ ನನ್ನ ಕಾಲು ಮುಟ್ಟೋರನ್ನ ಅದು ಯಾವಾಗ ನೋಡೈತಿ?’

ಈರೇಶ್ ನನ್ನ ಮುಖ ನೋಡಿದ. ಅವನಿಗೆ ಗೊತ್ತಿರುವ ವಿಷಯವೇ. ಏಳೆಂಟು ವರ್ಷದ ಹಿಂದೆ, ನಾನು ಮದುವೆಯಾಗಬೇಕೆಂದಿದ್ದವರು ಮನೆಗೆ ಬಂದಾಗ, ಒಳಪಂಗಡ ಬೇರೆ ಎಂದು ಅವ್ವ ಅವರನ್ನು ಬಾಗಿಲಿನಿಂದಲೇ ಕಳಿಸಿದ್ದಳು. ಒಂದು ಲೋಟ ನೀರನ್ನೂ ಕೊಡಲಿಲ್ಲ. ಅಂದಿನಿಂದ ನಾನು ಅವಳಿಗೆ ಅಡುಗೆ ಮಾಡಿದ್ದೇನೆ, ಮಾತ್ರೆ ತಂದಿದ್ದೇನೆ, ಜ್ವರದಲ್ಲಿ ಮೈ ಒರೆಸಿದ್ದೇನೆ. ಹಬ್ಬದ ದಿನ ಕಾಲಿಗೆ ಮಾತ್ರ ಬಿದ್ದಿಲ್ಲ, ದೂರದಿಂದ ಕೈ ಮುಗಿದು ಕೆಲಸಕ್ಕೆ ಹೋಗುತ್ತಿದ್ದೆ. ಅವಳು ಮಾಡಿದ್ದು ತಪ್ಪು. ಇವತ್ತಿಗೂ ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅವಳು ಅಷ್ಟೂ ವರ್ಷ ಅದನ್ನು ಗಮನಿಸಿದ್ದಳು, ಒಂದು ದಿನವೂ ಕೇಳಿರಲಿಲ್ಲ ಎಂಬುದು ನನಗೆ ಆಗಷ್ಟೇ ತಿಳಿಯಿತು.

ಆಮೇಲೆ ಅವ್ವ ತೀರ್ಮಾನವನ್ನೂ ತಾನೇ ಹೇಳಿದಳು. ರಾತ್ರಿ ಬಸ್ಸಿಗೆ ತಾನು ಬರುವುದಿಲ್ಲ. ಕಳ್ಳನನ್ನು ಹಿಡಿಯಲು ಕಲಿತ ನಾಯಿ ನಮಸ್ಕಾರವನ್ನೂ ಕಲಿಯುತ್ತದೆ. ಶ್ರಾವಣಕ್ಕೆ ಈರೇಶ್ ಇನ್ನೊಮ್ಮೆ ಬರಲಿ, ಆಗಲೂ ಹಿಡಿದರೆ ಹೊರಡುತ್ತೇನೆ. ಈರೇಶ್ ಬ್ಯಾಂಡೇಜು ನೋಡಿಕೊಂಡು ಒಲ್ಲದ ಮನಸ್ಸಿನಿಂದ ಒಪ್ಪಿದ.

ದಿನವೂ ಯಾರಾದರೂ ಅವ್ವನ ಕಾಲಿಗೆ ಬೀಳಬೇಕಿತ್ತು. ಮನೆಯಲ್ಲಿ ಬೇರೆ ಯಾರಿದ್ದಾರೆ? ಮಾರನೆಯ ಬೆಳಿಗ್ಗೆ ಅವ್ವ ಕುರ್ಚಿಯಲ್ಲಿ ಕೂತು ಸೀಸರನ ಕೊರಳಪಟ್ಟಿ ಹಿಡಿದುಕೊಂಡಳು. ಇದು ನಾಯಿಯ ತರಬೇತಿ, ಬೇರೇನೂ ಅಲ್ಲ ಎಂದು ನನಗೆ ನಾನೇ ಹೇಳಿಕೊಂಡು ಬಗ್ಗಿದೆ. ಸೀಸರ್ ಗುರುಗುಟ್ಟಿತು, ಅವ್ವ ‘ಕೂಡು’ ಎಂದಳು. ಅವಳ ಪಾದಗಳನ್ನು ಅಷ್ಟು ಹತ್ತಿರದಿಂದ ನೋಡಿ ಎಷ್ಟು ಕಾಲವಾಗಿತ್ತೋ. ಹಿಮ್ಮಡಿ ಬಿರಿದಿತ್ತು, ಬಲಗಾಲಿನ ಹೆಬ್ಬೆರಳು ವಾಲಿತ್ತು. ಮುಟ್ಟಿದಾಗ ತಣ್ಣಗಿದ್ದವು. ನನ್ನ ತಲೆಯ ಮೇಲೆ ಕೈ ಬಂತು, ಕೂಡಲೇ ಹೋಗಲಿಲ್ಲ. ನನಗೆ ಅಳು ಬಂತು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದುಬಿಟ್ಟೆ.

ಸೀಸರ್ ಬೇಗ ಕಲಿಯಿತು. ಅದರ ತಳಿಯೇ ಅಂಥದ್ದು. ಕೆಲವೇ ದಿನಗಳಲ್ಲಿ ನಾನು ಬಗ್ಗಿದರೆ ಅದು ಆಕಳಿಸುತ್ತಿತ್ತು. ಸಿದ್ದಲಿಂಗಯ್ಯನವರನ್ನು ಕರೆಸಿ ಬಗ್ಗಿಸಿ ನೋಡಿದೆವು, ನಲ್ಲಪ್ಪನವರನ್ನೂ ಕರೆಸಿದೆವು. ನಿಧಾನವಾಗಿ ಬಗ್ಗಿ ಮುಟ್ಟುವವನನ್ನು ಬಿಟ್ಟು, ಹಿಡಿದು ಎಳೆಯುವವನನ್ನು ಮಾತ್ರ ಅದು ಹಿಡಿಯಿತು. ಶ್ರಾವಣದಲ್ಲಿ ಈರೇಶ್ ಬಂದವನು ಒಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹೆದರಿ ಹೆದರಿ ಬಗ್ಗಿದ. ಸೀಸರ್ ಅವನ ಕಿವಿ ನೆಕ್ಕಿತು. ಅವನು ಆ ರಾತ್ರಿಯ ಬಸ್ಸಿಗೆ ಒಬ್ಬನೇ ವಾಪಸು ಹೋದ.

ಮಾರನೆಯ ಬೆಳಿಗ್ಗೆ ನಾನು ಊಟದ ಡಬ್ಬಿ ಹಿಡಿದು, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿದ್ದೆ. ಅವ್ವ ಎಂದಿನಂತೆ ಕುರ್ಚಿಯಲ್ಲಿ ಬಂದು ಕೂತಳು.

‘ಪಾಠ ಮುಗೀತಲ್ಲ ಅವ್ವ’ ಎಂದೆ.

‘ಬಿಟ್ರ ನಾಯಿ ಮರೀತೈತಿ’ ಎಂದಳು.

ನಾಯಿ ಅಲ್ಲಿರಲಿಲ್ಲ. ಹಿತ್ತಲಲ್ಲಿ ಮೊಟ್ಟೆ ತಿಂದು ಬಿಸಿಲಿಗೆ ಮಲಗಿತ್ತು. ನಾನು ಡಬ್ಬಿಯನ್ನು ಕೆಳಗಿಟ್ಟು, ಚಪ್ಪಲಿ ಬಿಟ್ಟು ಒಳಗೆ ಹೋದೆ.