ಕಹಿ ರೊಟ್ಟಿ

"ತಡೀರಿ, ಈಗಲೇ ಎತ್ತಬೇಡಿ," ಎನ್ನುತ್ತ ಬಖ್ತಾವರ್ ಮಂಚದ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು, ಹೆಣಕ್ಕೆ ಸುತ್ತಿದ ಕಫನಿನ ತುದಿಯ ಗಂಟನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿದಳು. ಹೆಗಲು ಕೊಡಲು ಬಗ್ಗಿದ್ದ ಗಂಡಸರು ಬಗ್ಗಿದ ಹಾಗೇ ನಿಂತರು.

"ಸರಿಯಾಗೇ ಇತ್ತಲ್ಲ ಚಾಚಿ," ಎಂದ ಝಂಡೇ ಖಾನ್.

"ಸಡಿಲ ಇತ್ತು ಕಣೋ. ತಸ್ನೀಮ್ ಆಪಾ ಯಾವತ್ತು ಒಂದೇ ಸಲಕ್ಕೆ ಮನೆ ಬಿಟ್ಟು ಹೊರಟಿದಾರೆ ಹೇಳು. ಮೆಟ್ಟಿಲಿಳಿದ ಮೇಲೆ ಕನ್ನಡಕ ಮರೆತೆ ಅಂತ ವಾಪಸ್ಸು, ಕಾರು ಹತ್ತಿದ ಮೇಲೆ ಭಾಷಣ ಮರೆತೆ ಅಂತ ವಾಪಸ್ಸು. ಇವತ್ತು ಹೊತ್ತಿಗೆ ಸರಿಯಾಗಿ ಹೋದ್ರೆ ಕಬರು ತೋಡಿದವರೇ ಗಾಬರಿಯಾಗ್ತಾರೆ."

ಅಂಗಳದಲ್ಲಿ ಅಳುತ್ತಿದ್ದ ಹೆಂಗಸರಲ್ಲಿ ಅರ್ಧ ಜನ ದುಪಟ್ಟಾದ ಒಳಗೇ ನಕ್ಕರು. ಝಂಡೇ ಖಾನನ ಮೀಸೆಯೂ ಅಲುಗಿತು. ಅವನು ಹುಟ್ಟಿದ್ದೇ ಆಪಾರ ಕಾರಿನಲ್ಲಿ. ಆಪಾ ಸಮಾಜ ಕಲ್ಯಾಣ ಮಂತ್ರಿಯಾಗಿದ್ದ ಆ ಒಂದು ವರ್ಷ, ಸರ್ಕಾರ ಕೊಟ್ಟ ಝಂಡಾ ಕಟ್ಟಿದ ಕಾರು ಕಚೇರಿಗೆ ಹೋದದ್ದಕ್ಕಿಂತ ಬಸುರಿಯರನ್ನು ಆಸ್ಪತ್ರೆಗೆ ಹೊತ್ತದ್ದೇ ಹೆಚ್ಚು. ಒಂದು ದಿನ ರೈಲ್ವೆ ಗೇಟು ಬಿದ್ದು ಕಾರು ನಿಂತಿತು. ಹಿಂದಿನ ಸೀಟಿನಲ್ಲಿ ಈ ಮಹಾರಾಯ ಕಾಯಲಿಲ್ಲ. ತಾಯಿ ಆ ಝಂಡಾದ ಹೆಸರನ್ನೇ ಇಟ್ಟಳು. ಈಗ ಇಟ್ಟಿಗೆ ಭಟ್ಟಿ ನಡೆಸುವ ಗೃಹಸ್ಥ, ಬೆಳಗಿನಿಂದ ಮುಂದಿನ ಹೆಗಲು ತನ್ನದೇ ಎಂದು ಎಲ್ಲರೊಂದಿಗೂ ಜಗಳವಾಡಿ ಗೆದ್ದಿದ್ದ.

ಶವದ ಮಂಚ ಹೊತ್ತು ಜನಾಜಾ ಬಾಗಿಲು ದಾಟಿತು. ಮುಲ್ತಾನಿನ ಬಿಸಿಲು ನೆತ್ತಿಗೆ ಬರುವ ಮೊದಲೇ ಗಲ್ಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ತಾರಸಿಗಳ ಮೇಲೆ, ಕಟ್ಟೆಗಳ ಮೇಲೆ, ನಿಲ್ಲಿಸಿದ ರಿಕ್ಷಾಗಳ ಒಳಗೆ ಎಲ್ಲಿ ನೋಡಿದರೂ ಹೆಂಗಸರು. ಕಬರಸ್ತಾನಕ್ಕೆ ಹೆಂಗಸರು ಹೋಗುವ ವಾಡಿಕೆಯಿಲ್ಲ, ಆದರೆ ಗಲ್ಲಿಯ ಕೊನೆಯ ತನಕ ಬರಬಾರದೆಂದು ಯಾರೂ ಹೇಳಿಲ್ಲವಲ್ಲ. ಕೋಲೂರಿ ನಿಂತಿದ್ದ ರಾಣಾ ಫಜಲ್‌ದಾದ್ ಅವರನ್ನೆಲ್ಲ ಕಣ್ಣು ಕಿರಿದು ಮಾಡಿ ನೋಡಿದರು. ಆಪಾರ ಎದುರು ಮೂರು ಚುನಾವಣೆ ನಿಂತ ಮನುಷ್ಯ.

"ಇವತ್ತೇನು ಎಲೆಕ್ಷನ್ನಾ?" ಎಂದು ಪಕ್ಕದವನನ್ನು ಕೇಳಿದರು. "ಇಷ್ಟು ಹೆಂಗಸರನ್ನ ನಾನು ಒಟ್ಟಿಗೆ ನೋಡಿದ್ದು ಒಂದೇ ಸಲ. ಸೋತ ದಿನ."

ಹಾಗೆ ಹೇಳಿ, ಕೋಲನ್ನು ಪಕ್ಕದವನ ಕೈಗೆ ಕೊಟ್ಟು, ತಾವೂ ಹತ್ತು ಹೆಜ್ಜೆ ಹೆಗಲು ಕೊಟ್ಟರು.

ಗಲ್ಲಿ ತಿರುಗಿ ಜನಾಜಾ ಕಣ್ಮರೆಯಾದ ಮೇಲೆ ಬಖ್ತಾವರ್ ಒಳಗೆ ಬಂದಳು. ಹಜಾರದ ಬಿಳಿ ಹಾಸಿನ ಮೇಲೆ ಹೆಂಗಸರು ಸತ್ತವರಿಗಾಗಿ ಖರ್ಜೂರದ ಬೀಜಗಳಲ್ಲಿ ಕಲ್ಮಾ ಪ್ರಾರ್ಥನೆ ಎಣಿಸುತ್ತಿದ್ದರು. ಆಪಾರ ತಂಗಿ ನಿಗಾರ್ ಎದ್ದು ಬಂದು ಅವಳ ಮೊಣಕೈ ಹಿಡಿದಳು. ನಿಗಾರ್ ಲಾಹೋರಿನ ಡಾಕ್ಟರೊಬ್ಬರ ಹೆಂಡತಿ, ಈದ್‌ಗೆ ಒಂದು ಸಲ ಬಂದು ಹೋಗುವವಳು. ಒಳ್ಳೆಯವಳೇ. ಕೆಟ್ಟವಳಾಗಿದ್ದರೆ ಬಖ್ತಾವರಳಿಗೆ ಎಷ್ಟೋ ಸುಲಭವಾಗುತ್ತಿತ್ತು, ಬಾಯಿಗೆ ಬಂದದ್ದು ಅಂದು ಹಗುರಾಗಬಹುದಿತ್ತು.

"ಬಖ್ತಾವರ್, ಗಂಡಸರು ವಾಪಸ್ ಬರೋ ಹೊತ್ತಿಗೆ ಊಟ ಆಗಬೇಕಲ್ಲ. ಲಾಹೋರಿಂದ ಬಂದವರು ರಾತ್ರಿಯಿಂದ ಏನೂ ತಿಂದಿಲ್ಲ. ದೊಡ್ಡ ಹಂಡೆ ಇಟ್ಟುಬಿಡು."

"ಸಾವಾದ ಮನೇಲಿ ಒಲೆ ಹಚ್ಚೋದುಂಟಾ ಬೀಬಿ?"

"ಅದು ಮನೆಯವರಿಗೆ ಕಣೆ," ಎಂದಳು ನಿಗಾರ್ ಸಮಾಧಾನದಿಂದ. "ನೀನು ಹಚ್ಚಬಹುದು."

ಅಷ್ಟು ಸಹಜವಾಗಿ ಅಂದಳು, ಬಖ್ತಾವರಳಿಗೆ ಹೂಂ ಅನ್ನುವುದಷ್ಟೇ ತೋಚಿತು.

ಸಾವಿನ ಮನೆಯಲ್ಲಿ ಮೂರು ದಿನ ಒಲೆ ಉರಿಯಬಾರದು. ನೆಂಟರು, ನೆರೆಯವರು ಮಾಡಿ ತಂದದ್ದನ್ನು ಮನೆಯವರು ಉಣ್ಣಬೇಕು. ತುಪ್ಪ ಸುರಿಯುವ ಪಲಾವೇ ಇರಲಿ, ಅದಕ್ಕೆ ಹೆಸರು ಕಹಿ ರೊಟ್ಟಿ. ಮೊದಲ ತುತ್ತನ್ನು, ಯಾರಿಗೆ ಆ ಸಾವು ಎಲ್ಲರಿಗಿಂತ ಹತ್ತಿರವೋ ಅವರ ಬಾಯಿಗೆ ಇಡುತ್ತಾರೆ. ಮನೆಯವರಾದವರು ಒಲೆ ಮುಟ್ಟುವಂತಿಲ್ಲ, ಒಲೆ ಮುಟ್ಟಿದವರು ಮನೆಯವರಲ್ಲ. ಬಖ್ತಾವರ್ ಅಡುಗೆಮನೆಗೆ ಹೋಗಿ ಬೆಂಕಿಪೊಟ್ಟಣ ಕೈಗೆ ತೆಗೆದುಕೊಂಡಳು. ಒಂದು ಕಡ್ಡಿ ಗೀರಿದರೆ ಇಷ್ಟು ವರ್ಷದ ಲೆಕ್ಕ ಇತ್ಯರ್ಥವಾಗುತ್ತಿತ್ತು.

*

ಅವಳು ಈ ಮನೆಗೆ ಬಂದದ್ದು ಹೊಲಿಗೆ ಕಲಿಯಲು. ಆಗ ಆಪಾ ಹೆಣ್ಣುಮಕ್ಕಳ ಶಾಲೆಯ ಟೀಚರು. ಸಂಜೆ ಇದೇ ಅಂಗಳದಲ್ಲಿ ಗಂಡ ಬಿಟ್ಟವರಿಗೆ, ಗಂಡನನ್ನು ಬಿಟ್ಟವರಿಗೆ, ಗಂಡ ಸತ್ತವರಿಗೆ ಮಿಷನ್ ತುಳಿಯಲು ಹೇಳಿಕೊಡುತ್ತಿದ್ದರು. ಮಕ್ಕಳಾಗಲಿಲ್ಲವೆಂದು ಬಖ್ತಾವರಳನ್ನು ಅತ್ತೆ ಹೊರಗೆ ಹಾಕಿದ್ದಳು. ಗಂಡ ಪಕ್ಕದಲ್ಲೇ ನಿಂತು ಮಾವಿನಹಣ್ಣು ಚೀಪುತ್ತಿದ್ದ.

ಅವಳು ಹೊಲಿದ ಮೊದಲ ಕಮೀಜಿಗೆ ಎರಡು ತೋಳೂ ಒಂದೇ ಕಡೆ ಇದ್ದವು. ಆಪಾ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆ. ಆದರೆ ಇದನ್ನ ತೊಟ್ಟುಕೊಳ್ಳೋಕೆ ಅಲ್ಲಾಹ್ ಹೊಸದಾಗಿ ಒಬ್ಬ ಮನುಷ್ಯನ್ನ ಮಾಡಬೇಕು. ಅಡುಗೆ ಬರುತ್ತಾ?"

"ಬರುತ್ತೆ."

"ಹಾಗಾದ್ರೆ ಸೂಜಿ ಕೆಳಗಿಡು ತಾಯಿ, ಬಟ್ಟೆಗೆ ಇನ್ನೂ ಆಯಸ್ಸಿದೆ."

ಅಂದಿನಿಂದ ಅವಳು ಒಲೆಯ ಮುಂದೆ. ಆಪಾ ಕೌನ್ಸಿಲರ್ ಆದರು, ಅಸೆಂಬ್ಲಿಗೆ ಹೋದರು, ಮಂತ್ರಿಯಾದರು, ಮಾಜಿಯಾದರು. ಅಂಗಳಕ್ಕೆ ಬಂದವರು ಮಾತ್ರ ಉಣ್ಣದೆ ಹೋಗಲಿಲ್ಲ. ಈ ಹೆಂಗಸು ನಿಮಗೆ ಏನಾಗಬೇಕು ಎಂದು ಯಾರಾದರೂ ಕೇಳಿದರೆ ಆಪಾರ ಉತ್ತರ ಒಂದೇ: "ನಾನು ಬರೀ ಸಮಾಜ ಕಲ್ಯಾಣ. ಇವಳು ಗೃಹಮಂತ್ರಿ." ಎಲ್ಲರೂ ನಗುತ್ತಿದ್ದರು, ಬಖ್ತಾವರಳೂ ನಗುತ್ತಿದ್ದಳು. ನಕ್ಕಾದ ಮೇಲೆ ನೋಡಿದರೆ ಉತ್ತರ ಮಾತ್ರ ಸಿಕ್ಕಿರುತ್ತಿರಲಿಲ್ಲ. ದಾಲ್‌ಗೆ ಉಪ್ಪು ಸಾಕೇ ಎಂದು ದಿನವೂ ಕೇಳಿದವಳು, ನಾನು ನಿಮಗೆ ಯಾರು ಎಂದು ಒಂದು ದಿನವೂ ಕೇಳಲಿಲ್ಲ.

*

ಹಜಾರದಲ್ಲಿ ಕಲ್ಮಾ ಮುಗಿದು ಮಾತು ಶುರುವಾಗಿತ್ತು. ಅಡುಗೆಮನೆಗೆ ಎಲ್ಲ ಕೇಳುತ್ತಿತ್ತು.

"ನನ್ನ ಗಂಡನಿಗೆ ಆಪಾ ಹೊಡೆದಿದ್ದು ಗೊತ್ತಾ? ಕಾನೂನಿನ ಪುಸ್ತಕದಲ್ಲಿ," ಎಂದು ಒಬ್ಬಳು ಹೇಳುತ್ತಿದ್ದಳು. "ಇದು ಯಾವ ನ್ಯಾಯ ಅಂತ ಅವನು ಕೂಗಿದ. ಕಾನೂನು ಪ್ರಕಾರವೇ ಹೊಡೀತಿದೀನಲ್ಲಪ್ಪ ಅಂದ್ರು."

"ಆಮೇಲೆ?"

"ಆಮೇಲೇನು, ಆಪಾ ಅವನಿಗೇ ಹೆರಿಗೆ ಮನೆ ಬಾಗಿಲು ಕಾಯೋ ಕೆಲಸ ಕೊಟ್ರು. ರಿಟೈರ್ ಆಗೋ ತನಕ ಬಂದ ಹೆಂಗಸರಿಗೆಲ್ಲ ಎದ್ದು ನಿಂತು ಸಲಾಂ ಹೊಡೆದ."

"ಸಾವಿನ ಮನೆ ಕಣ್ರೇ, ನಗಬೇಡಿ," ಎಂದಳು ಇನ್ನೊಬ್ಬಳು, ತಾನೇ ನಗುತ್ತ.

"ಸಾವಿನ ಮನೆ ಅಂದ್ರೆ ಆ ಎಲೆಕ್ಷನ್ನಿದ್ದು," ಎಂದಳು ಮೂರನೆಯವಳು. "ಬಖ್ತಾವರಳ ಅತ್ತೆ ಸತ್ತಿದ್ದು."

ಹಜಾರವೆಲ್ಲ ಘೊಳ್ಳೆಂದಿತು. ಬೆಂಕಿಪೊಟ್ಟಣ ಹಿಡಿದಿದ್ದ ಬಖ್ತಾವರಳಿಗೂ ತಡೆಯಲಾಗಲಿಲ್ಲ.

*

ಆ ವರ್ಷ ಆಪಾ ಮೊದಲ ಸಲ ರಾಣಾ ಫಜಲ್‌ದಾದರ ಎದುರು ನಿಂತಿದ್ದರು. ಸುತ್ತಲ ಹಳ್ಳಿಗಳ ಗಂಡಸರೆಲ್ಲ ಒಂದೆಡೆ ಕೂತು, ನಮ್ಮ ಮನೆಯ ಹೆಂಗಸರು ಮತಗಟ್ಟೆಗೆ ಹೋಗುವುದಿಲ್ಲ, ಮರ್ಯಾದೆಯ ಪ್ರಶ್ನೆ ಎಂದು ತೀರ್ಮಾನ ಮಾಡಿಬಿಟ್ಟರು. ಆಪಾ ಊಟ ಬಿಟ್ಟು ಯೋಚಿಸಿದರು.

"ಬಖ್ತಾವರ್, ಈ ಗಂಡಸರು ಹೆಂಗಸರನ್ನ ಮದುವೆಗೆ ಬಿಡದೆ ಇರಬಹುದು, ತವರಿಗೆ ಬಿಡದೆ ಇರಬಹುದು. ಎಲ್ಲಿಗೆ ಹೋಗ್ತೀನಿ ಅಂದ್ರೆ ಬೇಡ ಅನ್ನೋ ಹಾಗಿಲ್ಲ?"

"ಸಾವಿನ ಮನೆಗೆ."

ಆಪಾ ಅವಳನ್ನೇ ನೋಡಿದರು.

"ನಿಮ್ಮತ್ತೆ ಹೇಗಿದಾಳೆ?"

"ಕಲ್ಲುಗುಂಡಿನ ಹಾಗಿದಾಳೆ ಆಪಾ. ಮೊನ್ನೆ ಸಂತೇಲಿ ಕೋಳಿಗೆ ಚೌಕಾಸಿ ಮಾಡ್ತಿದ್ಲಂತೆ."

"ಪಾಪ. ನಾಳೆ ಬೆಳಗ್ಗೆ ತೀರಿಕೊಳ್ತಾಳೆ."

ಮತಗಟ್ಟೆಯ ಶಾಲೆಗೆ ಬೆನ್ನು ಹಾಕಿದ ಒಂದು ಖಾಲಿ ಮನೆ ಹಿಡಿದರು. ಮತದಾನದ ದಿನ ಬೆಳಕು ಹರಿಯುವುದರೊಳಗೆ ಸುದ್ದಿ ಹಳ್ಳಿಗಳಿಗೆ ಮುಟ್ಟಿತು. ಸಾಂತ್ವನ ಹೇಳಲು ಹೆಂಗಸರನ್ನು ಕಳಿಸದೆ ಹೋದರೆ ನಾಳೆ ನಮ್ಮ ಮನೆಯ ಸಾವಿಗೆ ಯಾರು ಬರುತ್ತಾರೆ ಎಂದು ಗಂಡಸರೇ ಟಾಂಗಾ ಕಟ್ಟಿಸಿಕೊಟ್ಟರು. ಕೈಯಲ್ಲಿ ತಸ್ಬೀಹ್ ಮಣಿಸರ, ಚಾದರದೊಳಗೆ ಗುರುತಿನ ಚೀಟಿ. ಮುಂಬಾಗಿಲಲ್ಲಿ ಬಂದು, ಬಖ್ತಾವರಳನ್ನು ತಬ್ಬಿ ಒಂದಿಷ್ಟು ಅತ್ತು, ಹಿಂಬಾಗಿಲಿನಿಂದ ನೇರ ಮತಗಟ್ಟೆಗೆ. ಬಖ್ತಾವರ್ ದಿನವಿಡೀ ಅತ್ತಳು. ಆ ಅತ್ತೆ ಸತ್ತಳೆಂದುಕೊಂಡು ಅಳುವುದು ಅವಳಿಗೆ ಏನೂ ಕಷ್ಟವಾಗಲಿಲ್ಲ. ಇಷ್ಟು ಸಂತೋಷದಿಂದ ಅವಳು ಯಾವತ್ತೂ ಅತ್ತಿರಲಿಲ್ಲ.

ಮಧ್ಯಾಹ್ನ ರಾಣಾರ ಹೆಂಡತಿ ಗೌಹರ್ ಬೇಗಂ ಬಂದರು, ಹಿಂದೆ ಆಳುಗಳ ತಲೆಯ ಮೇಲೆ ಪಾತ್ರೆಗಳು. ದೊಡ್ಡ ಮನೆಯಿಂದ ಕಹಿ ರೊಟ್ಟಿ ಬರಬೇಕಾದದ್ದು ಪದ್ಧತಿ. ಬೇಗಂ ಸುತ್ತ ನೋಡಿದರು. ಹೆಣವಿಲ್ಲ, ಮಂಚವಿಲ್ಲ, ಲೋಬಾನದ ವಾಸನೆಯೂ ಇಲ್ಲ. ಹೆಂಗಸರು ಒಂದು ಬಾಗಿಲಲ್ಲಿ ಬಂದು ಇನ್ನೊಂದರಲ್ಲಿ ಹೋಗುತ್ತಿದ್ದಾರೆ. ಬಖ್ತಾವರ್ ಅಳುವುದನ್ನೇ ಮರೆತಳು. ಬೇಗಂ ಒಂದು ತುತ್ತು ಪಲಾವ್ ಎತ್ತಿ ಅವಳ ಬಾಯಿಗಿಟ್ಟು, "ಸಬರ್, ಸಮಾಧಾನ ಮಾಡ್ಕೋ ಮಗಳೇ," ಎಂದರು. ಆಮೇಲೆ ಚಾದರ ಸರಿಮಾಡಿಕೊಂಡು, "ಹಿಂಬಾಗಿಲು ಯಾವ ಕಡೆ?" ಎಂದು ಕೇಳಿದರು.

ಆಪಾ ಗೆದ್ದರು. ಗೌಹರ್ ಬೇಗಂ ಶಾಯಿ ಹತ್ತಿದ ಹೆಬ್ಬೆರಳಿಗೆ ಚಾಕು ತಾಗಿತೆಂದು ಪಟ್ಟಿ ಸುತ್ತಿಕೊಂಡು ಓಡಾಡಿದರು. ರಾಣಾರು, ಪಾಪ, ಮುಲಾಮು ತರಿಸಿಕೊಟ್ಟರಂತೆ.

*

ಬಖ್ತಾವರ್ ಪೊಟ್ಟಣದಿಂದ ಕಡ್ಡಿ ತೆಗೆದಳು. ಸುಳ್ಳು ಸಾವಿಗೆ ಜಿಲ್ಲೆಯೇ ಬಂದು ತನ್ನನ್ನು ತಬ್ಬಿಕೊಂಡಿತ್ತು. ನಿಜವಾದದ್ದು ಬಂದಾಗ ತನಗೆ ಹಂಡೆ ಇಡಲು ಹೇಳಿದ್ದಾರೆ. ಅವಳಿಗೆ ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಅದೂ ಆಪಾರ ಮೇಲೆ. ಗೃಹಮಂತ್ರಿಯಂತೆ, ಗೃಹಮಂತ್ರಿ. ಒಂದು ಸಲ ಬಾಯಿ ಬಿಟ್ಟು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು?

ಅವಳು ಕಡ್ಡಿಯನ್ನು ಪೊಟ್ಟಣದೊಳಗೆ ಹಾಕಿದಳು. ಹಜಾರಕ್ಕೆ ಬಂದು, ಬಿಳಿ ಹಾಸಿನ ಮೇಲೆ, ನಿಗಾರಳ ಪಕ್ಕದಲ್ಲಿ, ಮನೆಯವರು ಕೂರುವ ಗೋಡೆಗೆ ಒರಗಿ ಕೂತುಬಿಟ್ಟಳು.

ನಿಗಾರ್ ತಿರುಗಿ ನೋಡಿದಳು. "ಹಂಡೆ ಇಟ್ಟೆಯಾ?"

"ಇಲ್ಲ."

ಅಷ್ಟರಲ್ಲಿ ಲಾಹೋರಿನ ಕಡೆಯ ಹೆಂಗಸೊಬ್ಬಳು ಬಂದು ನಿಗಾರಳನ್ನು ತಬ್ಬಿ ಅತ್ತಳು. ಕಣ್ಣೊರೆಸಿಕೊಂಡು ಬಖ್ತಾವರಳ ಕಡೆ ತಿರುಗಿ, "ಸ್ವಲ್ಪ ನೀರು ಕೊಡಮ್ಮ, ಗಂಟಲು ಒಣಗಿದೆ," ಎಂದಳು. ಬಖ್ತಾವರಳ ಮಂಡಿ ಅಭ್ಯಾಸಬಲದಿಂದ ಅರ್ಧ ಎದ್ದಿತು. ಅವಳು ಎರಡೂ ಕೈಯಿಂದ ಅದನ್ನು ಒತ್ತಿ ಕೂರಿಸಿದಳು. ಜನ್ಮದಲ್ಲಿ ಇಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ.

ಬಾಗಿಲಲ್ಲಿ ಗೌಹರ್ ಬೇಗಂ ಕಾಣಿಸಿದರು. ಬೆನ್ನು ಬಾಗಿದೆ, ಕಣ್ಣಿಗೆ ದಪ್ಪ ಗಾಜು, ಹಿಂದೆ ಪಾತ್ರೆ ಹೊತ್ತ ಸೊಸೆಯರು. ನಿಗಾರಳ ತಲೆ ನೇವರಿಸಿದರು. ಆಮೇಲೆ ಸೊಸೆಯ ಕೈ ಹಿಡಿದು ಬಖ್ತಾವರಳ ಎದುರು ನಿಧಾನವಾಗಿ ಕೂತರು.

"ಅಲ್ಲ ಕಣೇ, ಬದುಕಿದ್ದ ಅತ್ತೆಗೆ ಅಷ್ಟು ಅತ್ತವಳು, ಇವತ್ಯಾಕೆ ಕಂಬದ ಹಾಗೆ ಕೂತಿದೀಯ?"



"ಅಳೋದಾದ್ರೆ ಯಾರಾಗಿ ಅಳಲಿ ಅಂತ ಗೊತ್ತಾಗ್ತಿಲ್ಲ ಬೇಗಂ ಸಾಹಿಬಾ. ಇಷ್ಟು ವರ್ಷ ಜೊತೆಗಿದ್ದೆ. ಏನಾಗಿ ಇದ್ದೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ."

ಖರ್ಜೂರದ ಬೀಜಗಳ ಸದ್ದು ನಿಂತಿತು. ನಿಗಾರಳ ಮುಖ ಕೆಂಪಾಯಿತು. ಬೇಗಂ ಪಾತ್ರೆಯ ಮುಚ್ಚಳ ತೆಗೆಸಿ, ರೊಟ್ಟಿ ಮುರಿದು, ಕುರ್ಮಾದಲ್ಲಿ ಅದ್ದಿ, ಆ ತುತ್ತನ್ನು ನಿಗಾರಳ ಕಡೆ ಚಾಚಿದರು.

"ರಕ್ತಸಂಬಂಧ ನಿನ್ನದಮ್ಮ. ಮೊದಲನೇದು ತಗೋ."

ನಿಗಾರ್ ತುತ್ತನ್ನು ಕೈಗೆ ತೆಗೆದುಕೊಂಡಳು. ಬಾಯಿಗೆ ಇಟ್ಟುಕೊಳ್ಳಲಿಲ್ಲ.

"ಪ್ರತೀ ಭಾನುವಾರ ಫೋನ್ ಮಾಡ್ತಿದ್ಲು ಅಕ್ಕ," ಎಂದಳು ಕೊನೆಗೆ. "ನಾನು ಹೇಗಿದೀಯ ಅಂದ್ರೆ, ನಾವು ಚೆನ್ನಾಗಿದೀವಿ ಅನ್ನೋಳು. ನನಗೆ ಜ್ವರ ಅಂತ ಯಾವತ್ತೂ ಹೇಳಲಿಲ್ಲ, ನಮಗೆ ಜ್ವರ ಬಂದಿತ್ತು ಅನ್ನೋಳು. ದೊಡ್ಡ ಲೀಡರ್ ಅಲ್ವಾ, ಹಂಗೇ ಮಾತಾಡ್ತಾಳೆ ಅಂತ ನಾನು ಗಂಡನ ಹತ್ರ ಹೇಳಿ ನಗ್ತಿದ್ದೆ."

ಅವಳು ತಿರುಗಿ, ಆ ತುತ್ತನ್ನು ಬಖ್ತಾವರಳ ಬಾಯಿಗೆ ಇಟ್ಟಳು. ಕುರ್ಮಾ ಗಲ್ಲಕ್ಕೆ ಮೆತ್ತಿತು, ತನ್ನ ದುಪಟ್ಟಾದಿಂದಲೇ ಒರೆಸಿದಳು. ಹಿಂದೆಯೇ ಗೌಹರ್ ಬೇಗಂ ಇನ್ನೊಂದು ತುತ್ತು ತುರುಕಿದರು. ಆಗ ಬಖ್ತಾವರಳಿಗೆ ಅಳು ಬಂತು. ತುಂಬಿದ ಬಾಯಲ್ಲೇ ಬಂತು, ತಡೆಯಲಾಗದ ಹಾಗೆ ಬಂತು, ಹೆಂಗಸರು ಒಬ್ಬರ ಹಿಂದೆ ಒಬ್ಬರು ಎದ್ದು ಅವಳನ್ನು ತಬ್ಬಿಕೊಳ್ಳತೊಡಗಿದರು.

"ನೀರು," ಎಂದಳು ಲಾಹೋರಿನ ಹೆಂಗಸು ಮೆಲ್ಲಗೆ, ಯಾರಿಗೂ ಅಲ್ಲದ ಹಾಗೆ.

ಬಖ್ತಾವರ್ ಅಲುಗಿದಳು. ನಿಗಾರ್ ಅವಳ ಭುಜ ಒತ್ತಿ, "ನೀನು ಕೂತ್ಕೋ," ಎಂದು ತಾನೇ ಎದ್ದು ಅಡುಗೆಮನೆಗೆ ಹೋದಳು.

ಒಳಗಿನಿಂದ ಒಂದು ಕಪಾಟು ತೆರೆದ ಸದ್ದು ಬಂತು. ಮುಚ್ಚಿದ ಸದ್ದು. ಇನ್ನೊಂದು ತೆರೆದ ಸದ್ದು. ಏನೋ ಉರುಳಿ ಬಿತ್ತು, ಅದರ ಹಿಂದೆ ಹಂಡೆಯ ಮುಚ್ಚಳ ನೆಲದ ಮೇಲೆ ಗಿರ್ರನೆ ತಿರುಗಿತು.

"ಬಖ್ತಾವರ್, ಲೋಟ ಎಲ್ಲಿಟ್ಟಿದೀಯೇ?"

ಬಾಯಿ ತುಂಬ ರೊಟ್ಟಿಯಿತ್ತು. ಬಖ್ತಾವರ್ ಗೋಡೆಗೆ ಇನ್ನಷ್ಟು ಒರಗಿ, ಕಾಲು ಚಾಚಿ, ನಿಧಾನವಾಗಿ ಜಗಿಯುತ್ತ ಕೂತಳು. ಒಳಗೆ ಮೂರನೆಯ ಕಪಾಟು ತೆರೆಯಿತು.