ಏಳನೇ ಗನ್ನಿನ ವಾಲ್ವ್

ನಿಂಗರಾಜನ ಹತ್ತಿರ ಶೂ ಇರಲಿಲ್ಲ. ಜಯನಗರ ನಾಲ್ಕನೇ ಬ್ಲಾಕಿನ ಒಂದು ಸಾಲ ವಸೂಲಿ ಕಂಪನಿಯಲ್ಲಿ ಟೀ ತರುವುದು, ಫೈಲು ಎತ್ತಿಡುವುದು, ಬ್ಯಾಂಕಿಗೆ ಓಡುವುದು ಅವನ ಕೆಲಸ. ಅದಕ್ಕೆ ಚಪ್ಪಲಿ ಸಾಕಾಗುತ್ತಿತ್ತು. ಈಗ ಆಫೀಸಿನವರೆಲ್ಲ ಶನಿವಾರ ಪುಟ್ಟೇನಹಳ್ಳಿಯಾಚೆ ಪೇಂಟ್‌ಬಾಲ್ ಆಡಲು ಹೊರಟಿದ್ದರು. ಒಬ್ಬಳು ರಜೆ ಹಾಕಿದ್ದರಿಂದ ಒಂದು ತಂಡಕ್ಕೆ ಆಳು ಕಡಿಮೆ ಬಿತ್ತು. “ನಮ್ ನಿಂಗೂನ ಹಾಕ್ಕೊಳ್ರೋ” ಅಂದರು ಮ್ಯಾನೇಜರ್ ವಿಜಯಕುಮಾರ್. ಮೂರು ವರ್ಷದಲ್ಲಿ ಆಫೀಸಿನವರು ಅವನನ್ನು ಯಾವುದಕ್ಕಾದರೂ ಸೇರಿಸಿಕೊಂಡದ್ದು ಅದೇ ಮೊದಲು.

“ನನ್ನ ಶೂ ಹಾಕ್ಕೋ,” ಅಂದ ರೂಮಿನ ಗೆಳೆಯ ಮೌನೇಶ. “ನನಗ ಅಲ್ಲಿ ಗಮ್‌ಬೂಟ್ ಅದಾವ.”

ಇಬ್ಬರೂ ಸುರಪುರದ ಕಡೆಯವರು. ಬಿಟಿಎಂ ಎರಡನೇ ಹಂತದಲ್ಲಿ ಒಂದೇ ರೂಮು. ನಿಂಗರಾಜ ಹೊರಟಿದ್ದ ಆ ಮೈದಾನದಲ್ಲೇ ಮೌನೇಶನ ಕೆಲಸ. ವಾರವೆಲ್ಲ ಗನ್ನು ಬಿಚ್ಚಿ ತೊಳೆದು ಜೋಡಿಸುವುದು, ಶನಿವಾರ ಭಾನುವಾರ ಸೀಟಿ ಹಿಡಿದು ಮಾರ್ಷಲ್ ಆಗಿ ನಿಲ್ಲುವುದು. ಯಾರಿಗಾದರೂ ಬಣ್ಣದ ಗುಂಡು ತಾಗಿದರೆ ಅವರು ಕೈ ಎತ್ತಬೇಕು, ಮಾರ್ಷಲ್ ಸೀಟಿ ಊದಬೇಕು, ಆಮೇಲೆ ಅವರಿಗೆ ಯಾರೂ ಹೊಡೆಯುವ ಹಾಗಿಲ್ಲ. ಅಲ್ಲಿ ಇದ್ದ ಕಾನೂನು ಅದೊಂದೇ.

ಆರು ತಿಂಗಳಿಂದ ಮೌನೇಶ ರೂಮಿನಲ್ಲಿ ಮಾತಾಡಿದ್ದೆಲ್ಲ ಒಂದು ವಾಲ್ವಿನ ಬಗ್ಗೆ. ರೊಟ್ಟಿ ಮುರಿಯುತ್ತಲೂ ಅದೇ.

“ಕುಕ್ಕರ್ ಸೀಟಿ ಇದ್ದಂಗ ಅಲ್ಲೇನ್ಲೇ?” ಅಂದಿದ್ದ ನಿಂಗರಾಜ.

“ಅದು ಉಗಿ ಹೊರಗ ಬಿಡ್ತದ. ಇದು ಗ್ಯಾಸ್ ತಗೊಂಡು ಗುಂಡಿನ ಬೆನ್ನಿಗೆ ಒದಿತದ. ನಮ್ಮ ಗನ್ನಿನ್ಯಾಗ ಕಂಪನಿ ಹಾಕಿದ ವಾಲ್ವಿನ ತೂತು ಸಣ್ಣವು. ಒಂದು ಗುಂಡು ಜೋರ್ ಹೋಗ್ತದ, ಇನ್ನೊಂದು ಅರ್ಧ ದಾರ್‍ಯಾಗ ಬೀಳ್ತದ. ಬ್ಯಾರೆ ಕಂಪನಿಯವ್ರು ದೊಡ್ಡ ತೂತಿನ ಹಿತ್ತಾಳಿ ವಾಲ್ವ್ ಮಾಡ್ತಾರ. ಅದು ಹಾಕಿದ್ರ ಎಲ್ಲಾ ಒಂದೇ ಸಮ.”

“ಜೋರ್ ಆತಂದ್ರ ಬಡಿಸಿಕೊಂಡವನ ಗತಿ?”

“ಅದಕ್ಕ ಹಿಂದ ಒಂದು ಸ್ಕ್ರೂ ಇರ್ತದ. ವಾಲ್ವ್ ಹಾಕಿದ ಮ್ಯಾಲ ಅದನ್ನ ಸಡಿಲ ಮಾಡಬೇಕು. ಗುಂಡಿನ ಸ್ಪೀಡ್ ತೋರಸೂ ಮೀಟರ್‌ನ್ಯಾಗ ಸೆಕೆಂಡಿಗೆ ಇನ್ನೂರಾ ಎಂಬತ್ತು ಅಡಿ ದಾಟಬಾರದು. ಅದರೊಳಗ ಇದ್ರ ಕೆಂಪಾಗ್ತದ, ಬಾತುಕೋತದ, ಅಷ್ಟ. ಮುನ್ನೂರು ದಾಟಿತಂದ್ರ ಚರ್ಮ ಒಡಿತದ.”

“ನೀ ಲಗ್ನ ಆಗೂದೂ ಆ ವಾಲ್ವ್ ಜೋಡಿನ ನೋಡು,” ಅಂದಿದ್ದ ನಿಂಗರಾಜ.

ಮೈದಾನದ ಮಾಲೀಕ ಗುರುಶಾಂತಪ್ಪನವರದು ಬನಶಂಕರಿಯಲ್ಲಿ ಟೈಲ್ಸ್ ಅಂಗಡಿ. ಗೋಡೌನಿಗೆಂದು ಹಿಡಿದ ಜಾಗದಲ್ಲಿ ಡ್ರಮ್ಮು, ಟಯರು, ಒಡೆದ ಟೈಲ್ಸಿನ ಗುಡ್ಡೆ ಇಟ್ಟು ಪೇಂಟ್‌ಬಾಲ್ ಶುರು ಮಾಡಿದ್ದರು. ಮೌನೇಶನ ಕಾಟ ತಡೆಯಲಾರದೆ ಮುಂಬೈಯಿಂದ ಒಂದೇ ಒಂದು ವಾಲ್ವ್ ತರಿಸಿಕೊಟ್ಟರು. ಅದು ಏಳನೇ ನಂಬರಿನ ಗನ್ನಿಗೆ ಹೋಯಿತು. ಏಳನೇ ಗನ್ನು ಯಾವಾಗಲೂ ಬಿಲ್ಲಿಗೆ ಸಹಿ ಹಾಕುವವರ ಕೈಗೆ. ಹುಡುಗರು ಅದನ್ನು ‘ಸಾರ್ ಗನ್’ ಅನ್ನುತ್ತಿದ್ದರು. ಯಾವ ಆಫೀಸು ಬಂದರೂ ಗೆಲ್ಲಬೇಕಾದವರು ಯಾರು ಅಂತ ಬಸ್ಸು ಇಳಿಯುವಾಗಲೇ ಗೊತ್ತಾಗುತ್ತಿತ್ತು.

“ವಿಜಯಕುಮಾರ್ ತಿಂಗಳು ತಿಂಗಳು ಟೀಮ್ ಕರ್ಕೊಂಡು ಬರ್ತೀನಿ ಅಂದಿದ್ದಾರೆ,” ಅಂದರು ಗುರುಶಾಂತಪ್ಪ ಶನಿವಾರ ಬೆಳಿಗ್ಗೆ. “ಇವತ್ತು ಖುಷಿಯಾಗಿ ಹೋದ್ರೆ ಉಳಿದ ಹನ್ನೊಂದಕ್ಕೂ ನಿನ್ನ ವಾಲ್ವ್ ತರಿಸ್ತೀನಿ.”

ಮೌನೇಶ ಏಳನೆಯದನ್ನು ಇನ್ನೂರಾ ಎಪ್ಪತ್ತೈದಕ್ಕೆ ಇಟ್ಟಿದ್ದ. ಗುರುಶಾಂತಪ್ಪ ಅದನ್ನೆತ್ತಿ ಡ್ರಮ್ಮಿಗೆ ಹೊಡೆದು ನೋಡಿದರು.

“ಏನಯ್ಯಾ, ಹಳೇದಕ್ಕೂ ಇದಕ್ಕೂ ಏನ್ ಡಿಫರೆನ್ಸು?”

“ಒಂದೇ ಸಮ ಹೋಗುತ್ತೆ ಸಾರ್. ಎಲ್ಲಾ ಒಂದೇ ಜಾಗಕ್ಕೆ.”

“ಅದು ನಿನಗೆ ಗೊತ್ತಾಗುತ್ತೆ. ಅವರಿಗೆ ಗೊತ್ತಾಗ್ಬೇಕಲ್ಲ? ಸ್ವಲ್ಪ ಏರ್ಸು.”

ಆಗಲ್ಲ ಸಾರ್ ಅನ್ನಬಹುದಿತ್ತು. ಗುರುಶಾಂತಪ್ಪ ಅಷ್ಟಕ್ಕೆ ಕೆಲಸದಿಂದ ತೆಗೆಯುವ ಮನುಷ್ಯರಲ್ಲ. ಆದರೆ ತನ್ನ ವಾಲ್ವ್ ಏನೆಂದು ನಾಲ್ಕು ಜನಕ್ಕೆ ಗೊತ್ತಾಗಲಿ ಅಂತ ಮೌನೇಶನಿಗೂ ಇತ್ತು. ಜೇಬಿನಿಂದ ಕೀ ತೆಗೆದು ಸ್ಕ್ರೂ ತಿರುವಿದ. ಮೀಟರು ಮುನ್ನೂರಾ ಇಪ್ಪತ್ತು ತೋರಿಸಿತು. ಅವನು ಮೀಟರು ಆಫ್ ಮಾಡಿದ.

ನಿಂಗರಾಜ ಬಂದಾಗ ಗುರುತು ಹಿಡಿಯುವಂತಿರಲಿಲ್ಲ. ಶೂ ಒಂದು ಸೈಜು ದೊಡ್ಡದಾಗಿ ಒಳಗೆ ಪೇಪರು ತುರುಕಿದ್ದ. ಮುಖವಾಡ ಹಾಕಿಕೊಂಡು ಹುಡುಗನ ಹಾಗೆ ಕುಣಿಯುತ್ತಿದ್ದ. ಆಟ ಶುರುವಾದ ಸ್ವಲ್ಪ ಹೊತ್ತಿಗೇ ಟಯರಿನ ಹಿಂದಿನಿಂದ ಒಬ್ಬ ಸೂಪರ್‌ವೈಸರನ ಬೆನ್ನಿಗೆ ಹೊಡೆದ.

“ಮೌನ್ಯಾ, ನೋಡಿದಿ ಇಲ್ಲೋ!”

ಮೌನೇಶ ಬೇರೆ ಕಡೆ ನೋಡಿದ. ಮಾರ್ಷಲ್‌ಗೆ ಗೆಳೆಯರು ಇರಬಾರದು ಅಂತ ತನಗೇ ಹೇಳಿಕೊಂಡ.

ಆಮೇಲೆ ವಿಜಯಕುಮಾರ್ ಟೈಲ್ಸ್ ಗುಡ್ಡೆ ಸುತ್ತಿ ಬಂದರು. ಮೊದಲ ಗುಂಡು ನಿಂಗರಾಜನ ಪಕ್ಕೆಗೆ ಬಿತ್ತು. ಅವನು ನಿಯಮದ ಪ್ರಕಾರ ಕೈ ಎತ್ತಿದ. ವಿಜಯಕುಮಾರ್ ಇನ್ನೊಂದು ಹೊಡೆದರು.

“ಔಟ್ ರೀ ಸಾರ್, ನಾನು ಔಟ್!”

“ಯಾರೋ ಹೇಳಿದ್ದು? ಡ್ಯಾನ್ಸ್ ಮಾಡೋ ನಿಂಗೂ!”

ಗುಂಡು ಬೀಳುತ್ತಲೇ ಇತ್ತು. ನಿಂಗರಾಜ ಬೆನ್ನು ತಿರುಗಿಸಿದ. ದೊಡ್ಡ ಶೂ ಟೈಲ್ಸಿನ ಚೂರಿನ ಮೇಲೆ ಜಾರಿ ಮೊಣಕಾಲೂರಿ ಬಿದ್ದ. “ಸಖತ್ ಸಾರ್!” ಅಂತ ಯಾರೋ ಕೂಗಿದರು. ಅವನ ತಂಡದವರೂ ನಕ್ಕರು.

ಸೀಟಿ ಮೌನೇಶನ ಹಲ್ಲಿನ ನಡುವೆ ಇತ್ತು. ಶೀಟಿನ ನೆರಳಿನಲ್ಲಿ ಕೂತಿದ್ದ ಗುರುಶಾಂತಪ್ಪ ಅಂಗೈ ತೋರಿಸಿದರು, ತಾಳು ಅಂತ. ಆದರೆ ಮೌನೇಶ ಊದದೆ ನಿಂತದ್ದು ಆ ಅಂಗೈಗಾಗಿ ಮಾತ್ರವಲ್ಲ. ಅವನು ಗುಂಡುಗಳನ್ನು ನೋಡುತ್ತಿದ್ದ. ಒಂದೂ ದಾರಿಯಲ್ಲಿ ಬೀಳಲಿಲ್ಲ, ಒಂದೂ ಆಚೀಚೆ ಹೋಗಲಿಲ್ಲ. ಎಲ್ಲವೂ ಒಂದು ತಟ್ಟೆಯಷ್ಟು ಜಾಗದಲ್ಲಿ, ಭುಜಗಳ ನಡುವೆ. ಅಷ್ಟು ಹೊತ್ತು ಅವನಿಗೆ ಸಂತೋಷವಾಗಿತ್ತು.

“ಸೀಟಿ ಊದಲೇ ಮೌನ್ಯಾ!”

ವಿಜಯಕುಮಾರ್ ಗನ್ನು ಇಳಿಸಿದ ಮೇಲೆ ಮೌನೇಶ ಊದಿದ.

ಟೀ ಹೊತ್ತಿಗೆ ವಿಜಯಕುಮಾರ್ ಅವನ ಹೆಗಲ ಮೇಲೆ ಕೈ ಹಾಕಿದರು. “ಏನ್ ಗನ್ ಗುರು ಇದು! ಏನ್ ಮಾಡಿದೀಯ ಇದಕ್ಕೆ?”

ಮೌನೇಶ ಗನ್ನು ಬಿಚ್ಚಿ ವಾಲ್ವ್ ಅಂಗೈ ಮೇಲಿಟ್ಟು ತೋರಿಸಿದ. ಹಳೇ ತೂತು ಎಷ್ಟು, ಹೊಸ ತೂತು ಎಷ್ಟು, ಗ್ಯಾಸು ಹೇಗೆ ಉಳಿಯುತ್ತೆ, ಎಲ್ಲ ಹೇಳಿದ. ರೂಮಿನಲ್ಲಿ ಹೇಳಿ ಹೇಳಿ ಬಾಯಿಪಾಠವಾಗಿತ್ತು. ಹೇಳುತ್ತಿರುವಾಗ ಎದುರಿಗೆ ನಲ್ಲಿಯ ಹತ್ತಿರ ನಿಂಗರಾಜ ಕಂಡ. ಅಂಗಿ ಎತ್ತಿಕೊಂಡು ಬೆನ್ನು ತೊಳೆಯುತ್ತಿದ್ದ. ಹಳದಿ ಬಣ್ಣ ಹೋದ ಕಡೆ ಚರ್ಮ ಒಡೆದು ರಕ್ತ ಬರುತ್ತಿತ್ತು. ಮೌನೇಶ ಮಾತು ನಿಲ್ಲಿಸಲಿಲ್ಲ.

“ಸ್ಕ್ರೂ ಸ್ವಲ್ಪ ಜಾಸ್ತಿನೇ ಟೈಟ್ ಮಾಡಿದೀನಿ ಸಾರ್, ನಿಮಗೋಸ್ಕರ.”

“ಭೇಷ್ ಮಗಾ!”

ಸಂಜೆ ಅವನು ರೂಮಿಗೆ ಬಂದಾಗ ನಿಂಗರಾಜ ಚಾಪೆಯ ಮೇಲೆ ಬೋರಲು ಮಲಗಿದ್ದ. ಮೌನೇಶ ಮೆಡಿಕಲ್‌ನಿಂದ ಮುಲಾಮು ತಂದಿದ್ದ. ಹಚ್ಚಲು ಕೂತ. ನಿಂಗರಾಜ ಬೇಡ ಅನ್ನಲಿಲ್ಲ.

“ಎಷ್ಟಕ್ಕ ಇಟ್ಟಿದ್ದಿ?” ಅಂದ, ಗೋಡೆಯ ಕಡೆ ಮುಖ ಮಾಡಿ.

“ಇನ್ನೂರಾ ಎಂಬತ್ತು.”

ಮೌನೇಶನ ಬೆರಳು ಎರಡನೇ ಗಾಯಕ್ಕೆ ಹೋಯಿತು.

“ನೀ ಅವರಿಗೆ ಹೇಳುವಾಗ ನಳ ಬಂದ್ ಮಾಡಿದ್ದೆ ನಾ,” ಅಂದ ನಿಂಗರಾಜ. “ಎಲ್ಲಾ ಕೇಳಸ್ತು.”

ಮೌನೇಶ ಉಳಿದ ಗಾಯಗಳಿಗೂ ಮುಲಾಮು ಹಚ್ಚಿದ. ಟ್ಯೂಬಿನ ಮುಚ್ಚಳ ಹಾಕಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಒಳಗೆ ಬಂದಾಗ ನಿಂಗರಾಜ ಮಲಗಿದ್ದ, ಅಥವಾ ಮಲಗಿದ ಹಾಗೆ ಮಾಡಿದ್ದ.

ಭಾನುವಾರವೂ ಸೋಮವಾರವೂ ಇಬ್ಬರೂ ಉಪ್ಪು, ನೀರು, ಬೀಗದ ಕೈ ಇಷ್ಟರ ಬಗ್ಗೆ ಮಾತ್ರ ಮಾತಾಡಿದರು. ಬುಧವಾರ ಮೌನೇಶ ಕೆಲಸದಲ್ಲಿದ್ದಾಗ ನಿಂಗರಾಜ ಇಟ್ಟಮಡುವಿಗೆ ಹೋದ. ಅಲ್ಲಿ ಯಾವುದೋ ರೂಮು ಸಿಕ್ಕಿತಂತೆ, ಕೆಳಗಿನ ಮನೆಯ ತಿಮ್ಮಕ್ಕ ಹೇಳಿದಳು. “ಯಾಕಪ್ಪಾ, ಜಗಳ ಆಡ್ಕೊಂಡ್ರಾ?” ಅಂದಳು. “ಇಲ್ಲ ಅಕ್ಕ, ಅವನಿಗೆ ಆಫೀಸು ದೂರ ಆಗ್ತಿತ್ತು,” ಅಂದ ಮೌನೇಶ. ಇಟ್ಟಮಡುವಿನಿಂದ ಜಯನಗರ ಹತ್ತಿರವೇನಲ್ಲ ಅಂತ ತಿಮ್ಮಕ್ಕನಿಗೂ ಗೊತ್ತಿತ್ತು.

ವಿಜಯಕುಮಾರ್ ವರ್ಷದ ಕರಾರಿಗೆ ಸಹಿ ಹಾಕಿದರು. ಹನ್ನೊಂದು ವಾಲ್ವ್ ಮುಂಬೈಯಿಂದ ಬಂದವು. ಮೌನೇಶ ಅವನ್ನೆಲ್ಲ ಹಾಕಿ ಹನ್ನೆರಡು ಗನ್ನುಗಳನ್ನೂ ಇನ್ನೂರಾ ಎಪ್ಪತ್ತೈದಕ್ಕೆ ಇಟ್ಟ. ಈ ಸಲ ಯಾರೂ ಏರಿಸು ಅನ್ನಲಿಲ್ಲ.

ಶೂ ಬಾಗಿಲ ಹಿಂದೆ ಇತ್ತು. ಮಣ್ಣು ಕೆರೆದು, ಒಳಗಿನ ಪೇಪರು ತೆಗೆದು, ನಿಂಗರಾಜ ಜೋಡಿಸಿ ಇಟ್ಟಿದ್ದ. ರೂಮಿನಲ್ಲಿ ಒಂದು ಚಾಪೆ, ಒಂದು ತಟ್ಟೆ, ಒಂದು ಬಕೆಟ್ಟು ಕಡಿಮೆಯಾಗಿತ್ತು. ಒಬ್ಬ ಮನುಷ್ಯನೂ.